ಬೆಲ್ಲನೀರು ಎಂಬ ಆ್ಯಪ್ ಮತ್ತು ಬಾಯಿ ಬಿಡದ ಇಬ್ಬರು

೧

ಕಥೆಯನ್ನು ಎಲ್ಲಿಂದ ಹಿಡಿಯುವುದು? ಬಾಲದಿಂದ ಹಿಡಿದರೆ ಓದುವವರು ಸಿಟ್ಟಾಗುತ್ತಾರೆ, ತಲೆಯಿಂದ ಹಿಡಿದರೆ ಅವರಿಗೆ ಆಕಳಿಕೆ ಬರುತ್ತದೆ. ಇದುವರೆಗೆ ಬರೆದು ಹೊಡೆದುಹಾಕಿದ ಮೊದಲ ವಾಕ್ಯಗಳಲ್ಲಿ ಸ್ವಲ್ಪ ಮರ್ಯಾದಸ್ತ ವಾಕ್ಯ ಇದು:

"ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ನಾಚಿಕೆ ಸ್ವಭಾವದ ಹುಡುಗಿಯೊಬ್ಬಳು ನಾಚಿಕೆ ಸ್ವಭಾವದವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದಳು."

ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಆ ಹುಡುಗಿ ತಲೆಯೆತ್ತಿ ನೋಡಿದಳು.

"ನಾಚಿಕೆ ಅಂತ ಎರಡೆರಡು ಸಲ ಬರೀಬೇಕಾ ಸರ್? ಒಂದು ಸಲ ಬರೆದ್ರೆ ಓದುವವರಿಗೆ ಗೊತ್ತಾಗುದಿಲ್ವಾ?"

ಇವಳು ಯಶ್ಮಿತಾ. ಇಪ್ಪತ್ತಾರರ ಪ್ರಾಯ, ಊರು ಕಡಬದ ಹತ್ತಿರದ ಕೋಡಿಂಬಾಳ, ಕೆಲಸ ಆ್ಯಪುಗಳ ಡಿಸೈನ್. ಹೋಟೆಲಿನಲ್ಲಿ ಕಾಫಿ ಹೇಳಿ ಚಹಾ ಬಂದರೆ ಚಹಾ ಕುಡಿದು ಎದ್ದು ಬರುವವಳು. ಬಸ್ಸಿನಲ್ಲಿ ತನ್ನ ಸ್ಟಾಪ್ ಬಂದಾಗ ಕೂಗಿ ಹೇಳಲಾಗದೆ, ಬೇರೆ ಯಾರಾದರೂ ಇಳಿಯಲಿ ದೇವರೇ ಎಂದು ಬೇಡಿಕೊಳ್ಳುವವಳು. ನನ್ನ ಹತ್ತಿರ ಮಾತ್ರ ಜೋರು. ಕಥೆ ಬರೆಯುವವನಿಗೆ ಯಾರೂ ಹೆದರುವುದಿಲ್ಲ ಎಂಬುದು ನನಗೆ ಹೊಸ ಸಂಗತಿಯಲ್ಲ.

(ಇವರೆಲ್ಲ ಮನೆಯಲ್ಲಿ ಆಡುವುದು ತುಳು. ನಾನದನ್ನು ಕನ್ನಡಕ್ಕೆ ತಂದು ಬಡಿಸುತ್ತಿದ್ದೇನೆ. ತರುವ ದಾರಿಯಲ್ಲಿ ಸ್ವಲ್ಪ ಬಿಸಿ ಆರಿರಬಹುದು, ಹೊಂದಿಸಿಕೊಳ್ಳಿ.)

೨

ಆ್ಯಪಿನ ಹೆಸರು 'ಬೆಲ್ಲನೀರು'. ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದಿಡುವುದು ಕ್ರಮ. ಬಂದವರು ಬೆಲ್ಲ ಕಚ್ಚಿ, ನೀರು ಕುಡಿದು, ಬೆವರು ಒರೆಸಿಕೊಳ್ಳುವವರೆಗೆ ಬಂದ ಕಾರಣ ಕೇಳುವ ಹಾಗಿಲ್ಲ. ಯಶ್ಮಿತಾಳ ತಕರಾರು ಏನೆಂದರೆ, ಲೋಕದ ಆ್ಯಪುಗಳೆಲ್ಲ ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳುತ್ತವೆ. ಹೌ ಆರ್ ಯು ಫೀಲಿಂಗ್ ಟುಡೇ? ಅಳುವ ಮುಖ, ನಗುವ ಮುಖ, ಇವೆರಡೂ ಅಲ್ಲದ ಮುಖ, ಯಾವುದನ್ನಾದರೂ ಒತ್ತಿ. ನಾಚಿಕೆಯವರಿಗೆ ಅಷ್ಟು ಸಾಕು, ಹಿಂದಿನ ಬಾಗಿಲಿನಿಂದ ಓಡಿಬಿಡುತ್ತಾರೆ.

ಆದ್ದರಿಂದ ಅವಳ ಆ್ಯಪ್ ತೆರೆದರೆ ಪ್ರಶ್ನೆ ಇಲ್ಲ. ಒಂದು ತಾಮ್ರದ ಚೊಂಬು, ಪಕ್ಕದಲ್ಲಿ ಬೆಲ್ಲದ ತುಂಡು. ಬೆಲ್ಲವನ್ನು ಬೆರಳಿನಿಂದ ಮುಟ್ಟಿದರೆ ಅದು ನಿಧಾನವಾಗಿ ಕರಗುತ್ತದೆ. ಪೂರ್ತಿ ಕರಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಡುತ್ತದೆ: "ಕೂತ್ಕೊಳ್ಳಿ. ಗಡಿಬಿಡಿ ಇಲ್ಲ." ಆಮೇಲೆ ಬೇಕಾದರೆ ಮಾತಾಡಬಹುದು, ಬರೆಯಬಹುದು, ಏನೂ ಬೇಡವಾದರೆ ಹಾಗೇ ಕೂತಿರಬಹುದು. ಹಾಗೆ ಕೂತವರಿಗಾಗಿ ದೂರದಲ್ಲೊಂದು ಪಂಪ್‌ಸೆಟ್ಟಿನ ಸದ್ದು ಕೇಳಿಸುತ್ತಿರುತ್ತದೆ.

ಕೋಡಿಂಗ್ ಮಾಡುವ ಹರಿಪ್ರಸಾದ್ ಇದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದ್ರಲ್ಲಿ ನೆಕ್ಸ್ಟ್ ಬಟನ್ ಎಲ್ಲಿ ಉಂಟು?"

"ಇಲ್ಲ."

"ನೆಕ್ಸ್ಟ್ ಬಟನ್ ಇಲ್ಲದ ಆ್ಯಪಾ? ಮತ್ತೆ ಜನ ಎಂತ ಮಾಡುದು ಮಾರಾಯ್ತಿ?"

ಯಶ್ಮಿತಾ ನಕ್ಕು ಸುಮ್ಮನಾದಳು. ಉತ್ತರ ಅವಳಲ್ಲಿತ್ತು. ಸಂಜೆ ಕಡಬದ ಬಸ್ಸು ಆಲಂಕಾರು ದಾಟಿದ ಮೇಲೆ ಅದು ನಾಲಗೆಗೆ ಬಂತು. ಪಕ್ಕದಲ್ಲಿ ಕೂತಿದ್ದವರು ನಿದ್ದೆ ಮಾಡುತ್ತಿದ್ದರು.

೩

ಈ ಆ್ಯಪ್ ಯಾರಿಗಾಗಿ? ಸ್ಲೈಡಿನಲ್ಲಿ ಅವಳು ಬರೆದದ್ದು: "ಇಂಟ್ರೊವರ್ಟ್ ಯೂಸರ್ಸ್, ಹದಿನೆಂಟರಿಂದ ಮೂವತ್ತೈದು." ಅದು ಸುಳ್ಳು. ಇಡೀ ಆ್ಯಪ್ ಇರುವುದು ಒಬ್ಬನೇ ಒಬ್ಬ ಯೂಸರಿಗಾಗಿ. ಅವರ ಪ್ರಾಯ ಐವತ್ತೆಂಟು, ಹೆಸರು ಸರ್ವೋತ್ತಮ, ಕೋಡಿಂಬಾಳದಲ್ಲಿ ಸ್ವಲ್ಪ ರಬ್ಬರು, ಸ್ವಲ್ಪ ಕಾಳುಮೆಣಸು. ಅವಳ ಅಪ್ಪ.

"ಸರ್, ಅದನ್ನು ಹೇಳ್ಬೇಡಿ."

"ಹೇಳದಿದ್ದರೆ ಕಥೆಯೇ ಇಲ್ಲ."

"ಹಾಗಾದ್ರೆ ಮೆಲ್ಲ ಹೇಳಿ."

ಮೆಲ್ಲ ಹೇಳುತ್ತೇನೆ. ಅಪ್ಪ ಮಗಳು ಒಂದೇ ಮನೆಯಲ್ಲಿ ಇರುವವರು. ಜಗಳವಿಲ್ಲ, ಮುನಿಸಿಲ್ಲ. ಮೊದಲಿನಿಂದಲೂ ಅವರ ನಡುವಿನ ಮಾತೆಲ್ಲ ಜಲಜಾಕ್ಷಿಯ ಮೂಲಕ ಓಡಾಡುತ್ತಿತ್ತು. ಜಲಜಾಕ್ಷಿ ಎಂದರೆ ಅಮ್ಮ. "ಶಾಲೆಯಿಂದ ಟೂರ್ ಉಂಟಂತೆ, ಅಪ್ಪನ ಹತ್ರ ಹೇಳಮ್ಮಾ" ಎಂದು ಮಗಳು ಹೇಳುವಾಗ ಅಪ್ಪ ಅಲ್ಲೇ ಮೂರಡಿ ದೂರದಲ್ಲಿ ಪೇಪರ್ ಓದುತ್ತಿರುತ್ತಿದ್ದರು. ಅಮ್ಮ ಆ ಕಡೆ ತಿರುಗುತ್ತಿದ್ದಳು. "ಟೂರಂತೆ." ಅಪ್ಪ ಅಮ್ಮನಿಗೇ ಉತ್ತರ ಕೊಡುತ್ತಿದ್ದರು. "ಹೋಗ್ಲಿ. ಸ್ವೆಟರ್ ತಕ್ಕೊಳ್ಲಿಕ್ಕೆ ಹೇಳು." ಅಮ್ಮ ಈ ಕಡೆ ತಿರುಗುತ್ತಿದ್ದಳು. "ಸ್ವೆಟರ್ ಅಂತೆ." ಅಪ್ಪನ ಬಾಯಿಂದ ಒಮ್ಮೆ ಕೇಳಿದ ಮಾತು ಅಮ್ಮನ ಬಾಯಿಂದ ಇನ್ನೊಮ್ಮೆ ಬಂದ ಮೇಲೆಯೇ ಮಗಳು ತಲೆ ಅಲ್ಲಾಡಿಸುತ್ತಿದ್ದಳು. ಇದರಲ್ಲಿ ವಿಚಿತ್ರ ಏನಾದರೂ ಉಂಟು ಎಂದು ಮೂವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಕಳೆದ ವರ್ಷ ಅಮ್ಮ ತೀರಿಹೋದಳು. ಅದನ್ನು ಹೆಚ್ಚು ಬರೆಯಬೇಡಿ ಎಂದು ಯಶ್ಮಿತಾ ಕೇಳಿಕೊಂಡಿದ್ದಾಳೆ. ಈ ಒಂದು ವಿಷಯದಲ್ಲಿ ನಾನು ಅವಳ ಮಾತು ಮೀರುವುದಿಲ್ಲ.

ಆಮೇಲೆ ಮನೆಯಲ್ಲಿ ಉಳಿದ ಮಾತುಗಳು ಇಷ್ಟು: ಊಟ ಆಯ್ತಾ? ಆಯ್ತು. ಬಸ್ಸು ಸಿಕ್ತಾ? ಸಿಕ್ತು. ನಿಮ್ಮ ಮಾತ್ರೆ? ತಕ್ಕೊಂಡೆ. ಇವನ್ನೇ ಹಿಂದೆಮುಂದೆ ಮಾಡಿ ಇಬ್ಬರೂ ಒಂದು ವರ್ಷ ದೂಡಿದ್ದಾರೆ. ಪ್ರೀತಿಗೇನೂ ಕಮ್ಮಿಯಿಲ್ಲ. ಅವಳು ಹೊರಡುವ ಮೊದಲು ಅಪ್ಪ ಅವಳ ಚಪ್ಪಲಿಯನ್ನು ಮೆಟ್ಟಿಲಿಗೆ ತಂದು ರಸ್ತೆಯ ಕಡೆ ಮುಖ ಮಾಡಿ ಇಡುತ್ತಾರೆ. ಅವಳು ಬರುವಾಗ ಅಪ್ಪನಿಗೆ ಇಷ್ಟದ ಖಾರ ಸೇವು ತಂದು, ಕೈಗೆ ಕೊಡದೆ, ಟಿವಿಯ ಪಕ್ಕ ಇಡುತ್ತಾಳೆ. ಬೆಳಿಗ್ಗೆ ನೋಡಿದರೆ ಸೇವು ಖಾಲಿ. ಅದು ಅವರ ಸಂಭಾಷಣೆ.

೪

ಈಗ ಕುಕ್ಕಪ್ಪ ಮಾವನನ್ನು ಕರೆತರಬೇಕು. ಕರೆಯದಿದ್ದರೂ ಬರುವವರು ಅವರು. ಸುಳ್ಯದ ಹತ್ತಿರ ಅಜ್ಜಾವರದವರು, ಜಲಜಾಕ್ಷಿಯ ಅಣ್ಣ. ತಂಗಿ ಹೋದ ಮೇಲೆ ಈ ಮನೆಯ ಮೌನ ತಡೆಯಲಾರದೆ ಆಗಾಗ ಬೈಕ್ ಹತ್ತಿ ಬಂದು, ಅಪ್ಪ ಮಗಳ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸಿ ಹೋಗುವ ಒಳ್ಳೆಯ ಮನುಷ್ಯ. ಈ ಸಲ ಬಂದಾಗ ಫೋನಿನಲ್ಲಿ ಒಂದು ಫೋಟೋ ಇತ್ತು.

"ನೋಡು ಯಶೂ, ಸಂಪ್ರೀತ್ ಅಂತ. ಸುಳ್ಯದಲ್ಲಿ ಟೈಲ್ಸಿನ ಅಂಗಡಿ. ಕುಡಿಯುದಿಲ್ಲ, ಸೇದುದಿಲ್ಲ. ಅವನ ಅಮ್ಮನಿಗೆ ನಿನ್ನ ಫೋಟೋ ನೋಡಿಯೇ ಖುಷಿ. ದೀಪಾವಳಿ ಕಳೆದ ಆದಿತ್ಯವಾರ ಬರ್ತಾರೆ, ವೀಳ್ಯ ಮಾಡಿಬಿಡುವ. ಆಗದಾ ಭಾವ?"

ಸರ್ವೋತ್ತಮರು ಮಗಳ ಕಡೆ ನೋಡಿದರು. ಮಗಳು ಫೋಟೋ ನೋಡುತ್ತಿದ್ದಳು. ಕೈಗೆ ಕೊಟ್ಟದ್ದನ್ನು ನೋಡದೆ ವಾಪಸ್ ಕೊಡುವುದು ಸರಿಯಲ್ಲವೆಂದು ನೋಡುತ್ತಿದ್ದಳು. ಸರ್ವೋತ್ತಮರು ತಲೆ ಅಲ್ಲಾಡಿಸಿದರು. ಅಪ್ಪ ತಲೆ ಅಲ್ಲಾಡಿಸಿದ್ದನ್ನು ಕಂಡು ಮಗಳೂ ಅಲ್ಲಾಡಿಸಿದಳು. ಮಾವ ಚಹಾ ಮುಗಿಸಿ, ತಂಗಿ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು ಎಂದು ಕಣ್ಣೊರೆಸಿಕೊಂಡು ಹೊರಟರು.

ವೀಳ್ಯ ಎಂದರೆ ಎರಡೂ ಮನೆಯವರು ವೀಳ್ಯದೆಲೆ, ಅಡಿಕೆ ಬದಲಾಯಿಸಿಕೊಂಡು ಮಾತು ಕೊಡುವುದು. ಕೊಟ್ಟ ಮೇಲೆ ಹಿಂದೆ ತೆಗೆಯುವ ಹಾಗಿಲ್ಲ. ಹೀಗೆ ನನ್ನ ಕಥೆಗೂ ಒಂದು ಗಡುವು ಸಿಕ್ಕಿತು: ದೀಪಾವಳಿ ಕಳೆದ ಆದಿತ್ಯವಾರ.

(ಸಂಪ್ರೀತನನ್ನು ಕೆಟ್ಟವನನ್ನಾಗಿ ಮಾಡಿದರೆ ಕಥೆ ಬೇಗ ಮುಗಿಯುತ್ತದೆ ಎಂದು ಒಂದು ಡ್ರಾಫ್ಟಿನಲ್ಲಿ ಅವನಿಗೆ ಒಂದೆರಡು ದುರ್ಗುಣ ಹಚ್ಚಿ ನೋಡಿದೆ. "ನಾನೆಂತ ಮಾಡಿದ್ದೇನೆ ನಿಮಗೆ?" ಎಂದು ಪಾಪದ ಮುಖ ಮಾಡಿದ. ತೊಳೆದು ಕಳಿಸಿದೆ.)

೪ (ಇನ್ನೊಮ್ಮೆ, ಯಾಕೆಂದರೆ ಮುಖ್ಯವಾದದ್ದು ಬಿಟ್ಟುಹೋಯಿತು)

ಯಶ್ಮಿತಾಳಿಗೆ ಮದುವೆ ಈಗ ಬೇಡ. ತಾನು ಹೋದರೆ ಈ ಮನೆಯಲ್ಲಿ ಊಟ ಆಯ್ತಾ ಎಂದು ಕೇಳುವವರೂ ಇರುವುದಿಲ್ಲ ಎಂಬ ಹೆದರಿಕೆ ಒಂದು. ಅಪ್ಪನ ಜೊತೆ ಮಾತೇ ಆಡದೆ ಹೊರಟುಬಿಟ್ಟರೆ ಇನ್ನು ಯಾವ ಕಾಲಕ್ಕೂ ಆಡಲಿಕ್ಕಿಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಆದರೆ ಅಪ್ಪನಿಗೆ ಇಷ್ಟ ಉಂಟಲ್ಲ! ಇಲ್ಲದಿದ್ದರೆ ಗೇಟಿಗೆ ಹೊಸ ಪೇಂಟ್ ಯಾಕೆ ಹೊಡೆಯುತ್ತಿದ್ದರು?

ಸರ್ವೋತ್ತಮರಿಗೂ ಈ ಗಡಿಬಿಡಿ ಬೇಡ. ಮಗಳು ಹೋಗುವುದನ್ನು ನೆನೆದರೆ ಅವರು ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಾರೆ. ಆದರೆ ಮಗಳಿಗೆ ಇಷ್ಟ ಉಂಟಲ್ಲ! ಇಲ್ಲದಿದ್ದರೆ ಹೊಸ ಚೂಡಿದಾರಕ್ಕೆ ಇಸ್ತ್ರಿ ಹಾಕಿ ಯಾಕೆ ತೂಗುಹಾಕುತ್ತಿದ್ದಳು?

ಗೇಟಿಗೆ ತುಕ್ಕು ಹಿಡಿದಿತ್ತು. ಚೂಡಿದಾರ ಇದ್ದದ್ದು, ಆ್ಯಪ್ ನೋಡಲು ಮಂಗಳೂರಿನಿಂದ ಬರುವವರ ಮೀಟಿಂಗಿಗೆ.

ಓದುಗರೇ, ಇಬ್ಬರನ್ನೂ ಹಿಡಿದು ಎದುರುಬದುರು ಕೂರಿಸಿ "ಬಾಯಿ ಬಿಡಿ ಮಾರಾಯ್ರೆ" ಎನ್ನಬೇಕು ಅನ್ನಿಸುತ್ತಿದೆಯಲ್ಲವೇ? ನನಗೂ ಅನ್ನಿಸಿತು. ನಿಮ್ಮ ಮನೆಯಲ್ಲಿ ಹೀಗೆ ಯಾರೂ ಇಲ್ಲವೇ? ಸರಿ, ಒತ್ತಾಯವಿಲ್ಲ, ಮುಂದೆ ಹೋಗೋಣ.

೫

ಒಂದು ಸಂಜೆ ಯಶ್ಮಿತಾ ಎಲ್ಲ ಧೈರ್ಯ ಒಟ್ಟು ಮಾಡಿಕೊಂಡು ಫೋನನ್ನು ಅಪ್ಪನ ಮುಂದೆ ಹಿಡಿದಳು.

"ಅಪ್ಪ, ಇದೊಮ್ಮೆ ನೋಡ್ತೀರಾ? ಆಫೀಸಿದ್ದು. ಟೆಸ್ಟಿಂಗ್ ಮಾಡ್ಲಿಕ್ಕೆ."

ಸರ್ವೋತ್ತಮರು ಕೈ ತೊಳೆದು, ಲುಂಗಿಗೆ ಒರೆಸಿ, ಕನ್ನಡಕ ಹಾಕಿಕೊಂಡು ಫೋನ್ ತೆಗೆದುಕೊಂಡರು. ಚೊಂಬು ನೋಡಿದರು. ಬೆಲ್ಲ ನೋಡಿದರು. ಅವಳು ತೋರಿಸಿಕೊಟ್ಟಂತೆ ಬೆರಳಿಟ್ಟರು. ಬೆಲ್ಲದ ಅಂಚು ಕರಗತೊಡಗಿದ್ದೇ ಬೆರಳು ತೆಗೆದುಬಿಟ್ಟರು.

"ಕರಗ್ತಾ ಉಂಟು."

"ಕರಗ್ಲಿ ಅಪ್ಪ. ಅದು ಹಾಗೇ."

"ಬೇಡ, ಸುಮ್ಮನೆ ಹಾಳಾಗ್ತದೆ." ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇದ್ರಲ್ಲಿ ಎಂತ ಮಾಡುದು?"

"ಮನಸಲ್ಲಿದ್ದದ್ದು ಹೇಳುದು."

"ಯಾರ ಹತ್ರ?"

ಬಣ್ಣ ಯಾವುದು, ಅಕ್ಷರ ಎಷ್ಟು ದೊಡ್ಡದು, ಪಂಪ್‌ಸೆಟ್ಟು ಎಷ್ಟು ದೂರದಲ್ಲಿ ಕೇಳಿಸಬೇಕು ಎಂಬುದನ್ನೆಲ್ಲ ಯೋಚಿಸಿದವಳು ಇದೊಂದನ್ನು ಯೋಚಿಸಿರಲಿಲ್ಲ. "ಫೋನಿನ ಹತ್ರ" ಎಂದಳು. ಹೇಳುವಾಗಲೇ ಅದು ಸೋತ ಮಾತು ಎಂದು ಅವಳಿಗೆ ಗೊತ್ತಿತ್ತು.

"ಫೋನಿಗೆ ನಮ್ಮ ಗುರ್ತ ಇಲ್ಲ ಅಲ್ವಾ," ಎಂದು ಸರ್ವೋತ್ತಮರು ಮೆತ್ತಗೆ ಹೇಳಿ, ಬೆಲ್ಲ ಬಿದ್ದೀತು ಎಂಬಂತೆ ಜಾಗ್ರತೆಯಿಂದ ಫೋನನ್ನು ವಾಪಸ್ ಕೊಟ್ಟರು. "ಊಟ ಆಯ್ತಾ?"

"ಇಲ್ಲ. ನಿಮ್ಮದು?"

೬

ಆರನ್ನು ಹರಿದುಹಾಕಿದ್ದೇನೆ. ಅದರಲ್ಲಿ ಸರ್ವೋತ್ತಮರು ಗುಟ್ಟಾಗಿ ಆ್ಯಪ್ ಹಾಕಿಕೊಂಡು, ಹೆಸರು ಹೇಳದೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದುಬಿಡುತ್ತಾರೆ. ಮಗಳು ಆಫೀಸಿನಲ್ಲಿ ಕೂತು ಅದನ್ನು ಓದುತ್ತಾಳೆ, ಓದುತ್ತಾ ಓದುತ್ತಾ ಇದು ಅಪ್ಪನೇ ಎಂದು ಗೊತ್ತಾಗುತ್ತದೆ, ಹಿನ್ನೆಲೆಯಲ್ಲಿ ಪಿಟೀಲು. ಯಶ್ಮಿತಾ ಅರ್ಧಕ್ಕೇ ತಡೆದಳು.

"ಯೂಸರ್ಸ್ ಬರೆದದ್ದನ್ನು ನಾವು ಓದುದಿಲ್ಲ ಸರ್. ಕದ್ದು ಓದುದಾದ್ರೆ ಅದೆಂತ ಬೆಲ್ಲನೀರು?"

ಹರಿದದ್ದು ಆಗಲೇ.

೭

ಒಂದು ಮಧ್ಯಾಹ್ನ ಸರ್ವೋತ್ತಮರೇ ನನ್ನನ್ನು ಹುಡುಕಿಕೊಂಡು ಬಂದರು. ಪಾತ್ರಗಳು ಹೀಗೆ ಬರುವುದು ಸರಿಯೋ ತಪ್ಪೋ ವಿಮರ್ಶಕರು ನೋಡಿಕೊಳ್ಳಲಿ. ಬಂದವರಿಗೆ ನಾನು ಬೆಲ್ಲ ನೀರು ಕೊಟ್ಟೆ. ಅವರು ಕುಡಿದು ಚೊಂಬು ಕೆಳಗಿಟ್ಟು, ಅದರ ಕಂಠವನ್ನು ಬೆರಳಿನಿಂದ ಒರೆಸುತ್ತ ಕೂತರು. ನಾನು ಕಾರಣ ಕೇಳಲಿಲ್ಲ. ಆ ಹುಡುಗಿಯಿಂದ ಅಷ್ಟು ಕಲಿತಿದ್ದೇನೆ.

"ನೀವೇ ಬರೆದುಬಿಡಿ ಮಾರಾಯ್ರೆ," ಎಂದರು ಕೊನೆಗೆ. "ನಾನು ಅವಳ ಹತ್ರ ಹೇಳಿದೆ ಅಂತ."

ನನಗೋ ಹಬ್ಬ. ಕೂಡಲೇ ಕೂತು ಬರೆದೆ: 'ಸರ್ವೋತ್ತಮರು ಮಗಳ ತಲೆ ನೇವರಿಸಿ, ತುಂಬಿಬಂದ ಕಂಠದಲ್ಲಿ ಹೇಳಿದರು: ಮಗಳೇ, ಈ ಮನೆಯ ಬೆಳಕು ನೀನು. ನಿನ್ನ ಮನಸ್ಸಿಗೆ ವಿರುದ್ಧವಾಗಿ ಒಂದು ಹುಲ್ಲುಕಡ್ಡಿಯೂ...'

ಅವರು ಓದಿದರು. ಕಿವಿಯ ತುದಿಯವರೆಗೆ ಕೆಂಪಾದರು.

"ಇದು ಯಾರು ಹೇಳಿದ್ದು?"

"ನೀವು."

"ನಾನು ಹೀಗೆಲ್ಲ ಹೇಳಿದ್ರೆ ಅವಳು ಹೆದರಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾಳೆ."

ಅವರು ಹೋದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಮಗಳು ದಿನಾ ಬಂದು ನನ್ನ ಹತ್ತಿರ ಹೇಳುತ್ತಾಳೆ. ಅಪ್ಪನೂ ನನ್ನ ಹತ್ತಿರ ಬಂದು ಹೇಳುತ್ತಾರೆ. ಇಬ್ಬರೂ ಸೇರಿ ನನ್ನನ್ನು ಜಲಜಾಕ್ಷಿಯ ಜಾಗದಲ್ಲಿ ಕೂರಿಸಿಬಿಟ್ಟಿದ್ದಾರೆ! ಆ ಕೆಲಸಕ್ಕೆ ನಾನು ಲಾಯಕ್ಕಿಲ್ಲ. ಜಲಜಾಕ್ಷಿ "ಟೂರಂತೆ" ಎಂದು ಒಂದೇ ಪದದಲ್ಲಿ ದಾಟಿಸುತ್ತಿದ್ದ ಮಾತಿಗೆ ನಾನು ಕಂಠ ತುಂಬಿಸಿ, ತಲೆ ನೇವರಿಸಿ, ಹುಲ್ಲುಕಡ್ಡಿ ಸೇರಿಸುತ್ತೇನೆ. ಸೇರಿಸುವವನ ಕೈಯಲ್ಲಿ ಯಾರೂ ಮಾತು ಕೊಟ್ಟು ಕಳಿಸಬಾರದು.

೮

ದೀಪಾವಳಿ ಬಂತು. ನಮ್ಮಲ್ಲಿ ಹಲವು ಮನೆಗಳಲ್ಲಿ ತೀರಿಹೋದವರಿಗೆ ಆ ಹೊತ್ತಿಗೆ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಮನೆಯ ಹಿರಿಯರು ಎಲೆಯ ಮುಂದೆ ನಿಂತು ನಾಲ್ಕು ಮಾತು ಹೇಳುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಬಂದವರು ಉಣ್ಣಬೇಕಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲು ಬಡಿದು ತಿಳಿಸಿ, ಮತ್ತೆ ತೆರೆಯುವುದು. ಉಣ್ಣುವವರ ಮೇಲೆ ಬಾಗಿಲು ತಳ್ಳಿಕೊಂಡು ಹೋಗಬಾರದು.

ಎಲೆಯ ಮುಂದಿನ ನಾಲ್ಕು ಮಾತನ್ನು ಈ ಮನೆಯಲ್ಲಿ ವರ್ಷವೂ ಹೇಳುತ್ತಿದ್ದದ್ದು ಕುಕ್ಕಪ್ಪ ಮಾವ. ಸರ್ವೋತ್ತಮರಿಗೆ ಎಲೆಯ ಮುಂದೆಯೂ ನಾಚಿಕೆ. ಆದರೆ ಈ ಸಲ ಮಾವ ಫೋನ್ ಮಾಡಿದರು: ಅಜ್ಜಾವರದಲ್ಲಿ ತಮ್ಮ ಮನೆಯ ಬಡಿಸುವುದೂ ಅದೇ ಸಂಜೆ, ಬರಲಿಕ್ಕಾಗುವುದಿಲ್ಲ. "ನೀವೇ ಹೇಳಿ ಭಾವ. ನಿಮ್ಮ ಹೆಂಡತಿಯೇ ಅಲ್ವಾ, ನಾಚಿಕೆ ಎಂತದಕ್ಕೆ?"

ಯಶ್ಮಿತಾ ಪುತ್ತೂರಿನಿಂದ ಗೋಳಿಬಜೆ ಕಟ್ಟಿಸಿ ತಂದಿದ್ದಳು. ಅಮ್ಮನಿಗೆ ಅದೆಂದರೆ ಪ್ರಾಣ. ಚಟ್ನಿಯಲ್ಲಿ ನೆಂದರೆ ಮಾತ್ರ ಮುಟ್ಟುತ್ತಿರಲಿಲ್ಲ. ಕಾಫಿಯ ಬದಲು ಚಹಾ ಬಂದರೆ ಸುಮ್ಮನೆ ಕುಡಿಯುವ ಈ ಹುಡುಗಿ, ಹೋಟೆಲಿನ ಗದ್ದಲದ ನಡುವೆ ನಿಂತು, "ಚಟ್ನಿ ಬೇರೆ ಕಟ್ಟಿ" ಎಂದು ಹೇಳಿದ್ದಳು. ಕೇಳಿಸದಿದ್ದಾಗ ಇನ್ನೊಮ್ಮೆ ಜೋರಾಗಿ ಹೇಳಿದ್ದಳು. ಅದನ್ನು ಅವಳು ನನಗೆ ಹೇಳಿರಲಿಲ್ಲ. ನಾನು ಅಲ್ಲೇ ಮೂಲೆಯ ಟೇಬಲಿನಲ್ಲಿದ್ದೆ.

೯

ಎಲೆಯ ಮೇಲೆ ನೀರುದೋಸೆ, ಕೋಳಿ ಪದಾರ್ಥ, ಹುರಿದ ಬಂಗುಡೆ, ಗೋಳಿಬಜೆ, ಪಕ್ಕದಲ್ಲಿ ಬೇರೆಯಾಗಿ ಚಟ್ನಿ. ಸರ್ವೋತ್ತಮರು ಕೈಮುಗಿದು ನಿಂತರು. ಮಗಳು ಅವರಿಂದ ಮೂರಡಿ ದೂರದಲ್ಲಿ ನಿಂತಳು.

"ಕೈಲಾದಷ್ಟು ಬಡಿಸಿದ್ದೇವೆ," ಎಂದರು, ಕುಕ್ಕಪ್ಪ ಮಾವ ಹೇಳುತ್ತಿದ್ದದ್ದನ್ನು ನೆನಪು ಮಾಡಿಕೊಳ್ಳುತ್ತ. "ಹೆಚ್ಚು ಕಮ್ಮಿ ಇದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮನೆಯನ್ನು ನೋಡ್ಕೊಳ್ಳಿ."

ಇಷ್ಟಕ್ಕೆ ಮುಗಿಯಿತು, ಇನ್ನು ಹೊರಗೆ ಹೋಗಬೇಕು. ಅವರು ಹೋಗಲಿಲ್ಲ. ಎಲೆಯನ್ನೇ ನೋಡುತ್ತ ನಿಂತರು. ಆಮೇಲೆ, ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತ ಅಡುಗೆಮನೆಯ ಕಡೆ ಮುಖ ಮಾಡಿ ಮಾತಾಡುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

"ಜಲಜಾ, ನಿನ್ನ ಅಣ್ಣ ಒಂದು ಸಂಬಂಧ ತಂದಿದ್ದಾರೆ. ಆದಿತ್ಯವಾರ ಬರ್ತಾರಂತೆ. ನಾನು ಎಂತದೂ ಹೇಳ್ಲಿಲ್ಲ. ಅವಳಿಗೆ ಇಷ್ಟ ಉಂಟಾ ಅಂತ ಒಮ್ಮೆ ಕೇಳು."

ಯಶ್ಮಿತಾ ಕಾದಳು. ಚಿಕ್ಕಂದಿನಿಂದ ಬಂದ ಅಭ್ಯಾಸ, ಅಮ್ಮ ಈ ಕಡೆ ತಿರುಗುವವರೆಗೆ ಕಾಯುವುದು. ದೀಪ ಸಣ್ಣಗೆ ಅಲ್ಲಾಡಿತು, ಗಾಳಿಗೆ. (ಗಾಳಿಗೇ. ನಾನು ಇಲ್ಲಿ ಏನನ್ನೂ ಸೇರಿಸುತ್ತಿಲ್ಲ.) ಆಮೇಲೆ ಅವಳೂ ಎಲೆಯ ಕಡೆ ತಿರುಗಿದಳು.

"ಈಗ ಬೇಡ ಅಂತ ಅಪ್ಪನಿಗೆ ಹೇಳಮ್ಮಾ."

"ಯಾಕಂತೆ ಕೇಳು. ನಾನೊಬ್ಬನೇ ಆಗ್ತೇನೆ ಅಂತ ಆದ್ರೆ ಅವಳು ಅದಕ್ಕೋಸ್ಕರ ನಿಲ್ಲುದು ಬೇಡ. ನನಗೆ ಅಭ್ಯಾಸ ಆಗ್ತದೆ ಅಂತ ಹೇಳು."

"ಅದಕ್ಕಲ್ಲ ಅಂತ ಹೇಳು." ಕೂಡಲೇ ತಿದ್ದಿಕೊಂಡಳು. "ಅದಕ್ಕೂ ಹೌದು. ಆದ್ರೆ ಅಮ್ಮ, ಅಪ್ಪನ ಹತ್ರ ನಾನು ಇಷ್ಟು ವರ್ಷ ಮಾತೇ ಆಡ್ಲಿಲ್ಲ. ಆಡದೆ ಹೇಗೆ ಹೋಗುದು? ಸ್ವಲ್ಪ ಮಾತಾಡಿ ಮತ್ತೆ ಹೋಗ್ತೇನೆ ಅಂತ ಹೇಳು."

ಸರ್ವೋತ್ತಮರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು.

"ಆಯ್ತು ಅಂತ ಹೇಳು," ಎಂದರು ಬೈರಾಸಿನ ಒಳಗಿನಿಂದಲೇ. "ನಿನ್ನ ಅಣ್ಣನ ಹತ್ರ ನಾನು ಹೇಳ್ತೇನೆ. ಹೇಗೆ ಹೇಳುದು ಅಂತ ಗೊತ್ತಿಲ್ಲ. ಆದ್ರೆ ನಾನೇ ಹೇಳ್ತೇನೆ ಅಂತ ಅವಳಿಗೆ ಹೇಳು."

ಯಾರಿಗೂ ಎದುರಾಡಿ ಗೊತ್ತಿಲ್ಲದ ಆ ಮನುಷ್ಯ ಮಗಳಿಗೆ ಕೊಡಬಹುದಾಗಿದ್ದ ಅತಿ ದೊಡ್ಡ ವಸ್ತು ಅದು. ಮಗಳಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ನಾನು ಕಪಾಟಿನ ಪಕ್ಕದಲ್ಲೇ ನಿಂತಿದ್ದೆ, ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಲಸ ಹೋದದ್ದಕ್ಕೆ ಇಷ್ಟು ಸಂತೋಷಪಟ್ಟವನು ಕಡಬ ತಾಲೂಕಿನಲ್ಲಿ ಇನ್ನೊಬ್ಬನಿರಲಾರ.

ಇಬ್ಬರೂ ಹೊರಗೆ ಬಂದರು. ಸರ್ವೋತ್ತಮರು ಬಾಗಿಲು ಎಳೆದುಕೊಂಡರು.

೧೦

ಇಲ್ಲಿ ಮುಗಿಸಬಾರದು ಎಂದು ಹರಿಪ್ರಸಾದನ ಅಭಿಪ್ರಾಯ. ಅವನಿಗೆ ಕಥೆಗೂ ನೆಕ್ಸ್ಟ್ ಬಟನ್ ಬೇಕು. ನಿಮಗೂ ಬೇಕಾದರೆ ಇವುಗಳಲ್ಲಿ ಯಾವುದನ್ನಾದರೂ ಒತ್ತಿ.

(ಅ) ಸರ್ವೋತ್ತಮರು ಅಜ್ಜಾವರಕ್ಕೆ ಫೋನ್ ಮಾಡಿ, ಮಳೆ, ರಬ್ಬರು, ಮೆಣಸು ಎಲ್ಲ ಮಾತಾಡಿ ಇಟ್ಟುಬಿಡುತ್ತಾರೆ. ಮತ್ತೆ ಮಾಡುತ್ತಾರೆ. ಮತ್ತೆ ಇಡುತ್ತಾರೆ. ಕೊನೆಗೆ ಕುಕ್ಕಪ್ಪ ಮಾವನೇ "ಎಂತ ಭಾವ, ಬೇಡವಾ?" ಎಂದು ಕೇಳುತ್ತಾರೆ. "ಈಗ ಬೇಡ" ಎನ್ನುತ್ತಾರೆ ಸರ್ವೋತ್ತಮರು. ಮಾವನಿಗೆ ಬೇಸರವಾಗುತ್ತದೆ, ಎರಡು ವಾರ ಬರುವುದಿಲ್ಲ, ಮೂರನೆಯ ವಾರ ಬರುತ್ತಾರೆ.

(ಆ) ಫೋನು ಹತ್ತುವುದಿಲ್ಲ, ಆದಿತ್ಯವಾರ ಎಲ್ಲರೂ ಬಂದೇ ಬಿಡುತ್ತಾರೆ. ತುಂಬಿದ ಮನೆಯಲ್ಲಿ ಸರ್ವೋತ್ತಮರು ಎದ್ದು ಗೋಡೆಯ ಮೇಲಿನ ಫೋಟೋದ ಕಡೆ ತಿರುಗಿ, "ಜಲಜಾ, ನಿನ್ನ ಅಣ್ಣನಿಗೆ ಹೇಳು" ಎಂದು ಶುರು ಮಾಡುತ್ತಾರೆ.

(ಇ) ಸಂಪ್ರೀತ್ ಇನ್ನೂ ದೊಡ್ಡ ನಾಚಿಕೆಯವನು ಎಂದು ಗೊತ್ತಾಗುತ್ತದೆ. ಅವನೂ ಅವನ ಅಮ್ಮನ ಮೂಲಕ, "ಒಂದು ವರ್ಷ ಬಿಟ್ಟು ಆಗದಾ ಅಂತ ಕೇಳು" ಎನ್ನುತ್ತಾನೆ. ಆ ಹುಡುಗ ನನಗೆ ಈಗೀಗ ಇಷ್ಟವಾಗತೊಡಗಿದ್ದಾನೆ.

ಮೂರನ್ನೂ ಯಶ್ಮಿತಾಳಿಗೆ ತೋರಿಸಿದೆ. ಅವಳು ಓದಿದಂತೆ ಕಾಣಲಿಲ್ಲ. ಅವಳ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. ಬೆಲ್ಲ ಕರಗಿದ ಮೇಲೆ ಬರುವ ಸ್ಕ್ರೀನಿನಲ್ಲಿ ಇಬ್ಬರಿಗೆ ಜಾಗ, ಇಬ್ಬರ ನಡುವೆ ಮೂರನೆಯ ಒಂದು ಜಾಗ. ಮೂರನೆಯದು ಖಾಲಿ. ಅದರ ಮೇಲೆ ಅಪ್ಪ ಕೇಳಿದ ಪ್ರಶ್ನೆ, ಅಪ್ಪನ ಮಾತಿನಲ್ಲೇ: "ಯಾರ ಹತ್ರ?" ತೀರಿಹೋದ ಅಜ್ಜಿಯೋ, ಮನೆಯ ನಾಯಿಯೋ, ಹಳೆಯ ಟೀಚರೋ, ಬೇಕಾದವರನ್ನು ಅಲ್ಲಿ ಕೂರಿಸಿಕೊಳ್ಳಬಹುದು. ಅವರ ಹತ್ತಿರ ಹೇಳಿದ್ದು ಪಕ್ಕದಲ್ಲಿದ್ದವರಿಗೆ ಕೇಳಿಸುತ್ತದೆ.

"ಚೆನ್ನಾಗಿದೆ," ಎಂದೆ. "ಕಥೆಯನ್ನು ಇದರಲ್ಲೇ ಮುಗಿಸಲಾ?"

"ಬೇಡ ಸರ್. ಇನ್ನೂ ಬಾಗಿಲು ತೆರೆದಿಲ್ಲ."

೯ (ಮುಂದುವರಿದದ್ದು)

ಅವಳು ಹೇಳಿದ್ದು ಸರಿ. ಬಾಗಿಲು ಎಳೆದುಕೊಂಡ ಮೇಲಿನದ್ದನ್ನು ನಾನು ಹಾರಿಸಿಬಿಟ್ಟಿದ್ದೆ.

ಅಪ್ಪ ಮಗಳು ಹೊರಗಿನ ಮೆಟ್ಟಿಲಿನಲ್ಲಿ ಕೂತಿದ್ದಾರೆ. ಒಳಗೆ ಜಲಜಾಕ್ಷಿ ಊಟ ಮಾಡುತ್ತಿದ್ದಾಳೆ. ಇಲ್ಲಿ ಎಲೆಯೂ ಇಲ್ಲ, ದೀಪವೂ ಇಲ್ಲ, ತಿರುಗಿ ಹೇಳಲು ಮಧ್ಯದಲ್ಲಿ ಯಾರೂ ಇಲ್ಲ. ಒಳಗೆ ಅಷ್ಟು ಮಾತಾಡಿದವರು ಇಲ್ಲಿ ಮತ್ತೆ ಮೊದಲಿನಂತಾಗಿದ್ದಾರೆ. ಕಡಬದ ಕಡೆ ಯಾರೋ ಪಟಾಕಿ ಹೊಡೆದರು. ಇಬ್ಬರೂ ಆ ಕಡೆ ನೋಡಿದರು. ಇನ್ನೇನು ಅಪ್ಪ ಊಟ ಆಯ್ತಾ ಎಂದು ಕೇಳುತ್ತಾರೆ ಎಂದು ಯಶ್ಮಿತಾ ಕಾಯುತ್ತಿದ್ದಳು. ನಾನೂ ಅದನ್ನೇ ಬರೆಯಲು ಪೆನ್ನು ಹಿಡಿದಿದ್ದೆ.

"ಯಶೂ," ಎಂದರು ಸರ್ವೋತ್ತಮರು. ಅವಳ ಕಡೆ ತಿರುಗಿ, ಅವಳನ್ನೇ ನೋಡಿ.

"ಹಾಂ ಅಪ್ಪ."

"ನಿನ್ನ ಆ ಫೋನಿನ ಬೆಲ್ಲ ಉಂಟಲ್ಲ. ಅದು ಪೂರಾ ಕರಗಿದ ಮೇಲೆ ಎಂತ ಆಗುದು?"

ಯಶ್ಮಿತಾ ಅಪ್ಪನ ಮುಖ ನೋಡಿದಳು. ನಕ್ಕು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಮೆಟ್ಟಿಲಿನಲ್ಲಿ ಸ್ವಲ್ಪ ಹತ್ತಿರ ಸರಿದು ಕೂತು, "ಅದಾ?" ಎಂದು ಶುರು ಮಾಡಿದಳು.

ಮುಂದಿನದ್ದು ನನಗೂ ಕೇಳಿಸುವಷ್ಟು ದೂರದಲ್ಲೇ ಇತ್ತು. ನಾನು ಎದ್ದು, ಹೊಸ ಪೇಂಟಿನ ಗೇಟು ಸದ್ದಾಗದಂತೆ ತೆರೆದು, ರಸ್ತೆಗೆ ಬಂದೆ. ನೀವೂ ಬನ್ನಿ. ಬಾಗಿಲು ಬಡಿಯುವ ಹೊತ್ತಾಯಿತು ಎಂದು ಅವರಿಗೆ ನೆನಪು ಮಾಡುವುದು ಬೇಡ, ಜಲಜಾಕ್ಷಿ ಇನ್ನು ಸ್ವಲ್ಪ ಹೊತ್ತು ಉಣ್ಣಲಿ.